ಹೆಸರು ಹೇಳದ ಪ್ರಾರ್ಥನೆ

"ಇದು ದವಡೆ ಹಲ್ಲಾ, ಇಲ್ಲಾ ಕಡಲೆಕಾಯಾ?"

ಅವಳು ಬೆಚ್ಚಿಬಿದ್ದಳು. ದಂತವೈದ್ಯ ಕಾಲೇಜಿನ ಲ್ಯಾಬಿನಲ್ಲಿ ಯಾರೂ ಇಲ್ಲವೆಂದುಕೊಂಡು ಮನಸಾರೆ ಅಳುತ್ತಿದ್ದಳು ಪಾಪ!

ಬಾಗಿಲಲ್ಲಿ ನಿಂತಿದ್ದವನು ಕೊನೆಯ ವರ್ಷದ ವಿದ್ಯಾರ್ಥಿ. ಕಾಲೇಜಿನ ಕ್ರೈಸ್ತ ವಿದ್ಯಾರ್ಥಿ ಕೂಟವನ್ನು ನಡೆಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು 'ಲೀಡರ್'.

"ನಗಬೇಡಿ! ಮೊದಲ ವರ್ಷದಲ್ಲಿ ನಾನು ಫೇಲ್ ಆಗಿರೋದೇ ಇದರಲ್ಲಿ!"

ಅವನ ನಗು ಅಲ್ಲೇ ನಿಂತಿತು. ಮೇಣದ ತುಂಡಿನಲ್ಲಿ ಹಲ್ಲು ಕೆತ್ತುವ ಪ್ರಾಕ್ಟಿಕಲ್ ಅದು. ಮರುಪರೀಕ್ಷೆಗೆ ಆರೇ ವಾರ ಉಳಿದಿತ್ತು. ಅವನು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತ.

"ಕೊಡಿ ಇಲ್ಲಿ. ನೀವು ಶತ್ರುನ ಹಿಡಿದ ಹಾಗೆ ಹಿಡಿದ್ರೆ ಮೇಣ ಮುರೀದೆ ಇನ್ನೇನು ಮಾಡುತ್ತೆ?"

ಅಳುತ್ತಿದ್ದವಳಿಗೆ ನಗು ಬಂತು. ಅಲ್ಲಿಗೆ ಕೆಲಸ ಕೆಟ್ಟಿತು ನೋಡಿ!

ಅಂದಿನಿಂದ ದಿನಾ ಒಂದು ಗಂಟೆ ಕೆತ್ತನೆ. ಪ್ರತಿ ಶುಕ್ರವಾರ ಊಟದ ಬಿಡುವಿನಲ್ಲಿ, ಖಾಲಿ ತರಗತಿಯಲ್ಲಿ ಸೇರುವ ಕೂಟಕ್ಕೂ ಅವಳು ಹೋಗತೊಡಗಿದಳು. ಹದಿನೈದು ಜನರ ಪುಟ್ಟ ಗುಂಪು. ಹಾಡು, ಬೈಬಲ್ ವಾಕ್ಯ, ಪ್ರಾರ್ಥನೆ. ಮನೆ ನೆನಪಾಗಿ ಅಳುವವರಿಗೆ ಅಲ್ಲಿ ಹೆಗಲು ಸಿಗುತ್ತಿತ್ತು, ಪಾಠ ತಲೆಗೆ ಹತ್ತದವರಿಗೆ ನೋಟ್ಸ್ ಸಿಗುತ್ತಿತ್ತು. ಅವಳಿಗೆ ಜ್ವರ ಬಂದಾಗ ಇಬ್ಬರು ಹುಡುಗಿಯರು ತಮ್ಮ ಕ್ಲಾಸ್ ಬಿಟ್ಟು ಅವಳ ಹಾಸಿಗೆಯ ಪಕ್ಕ ಕೂತಿದ್ದರು. ಕಾಲೇಜಿಗೆ ಬಂದ ಮೇಲೆ 'ಊಟ ಆಯ್ತಾ?' ಎಂದು ಅವಳನ್ನು ಮೊದಲು ಕೇಳಿದವರೇ ಅವರು.

ಒಂದು ದಿನ ಕೆತ್ತುತ್ತಾ ಕೆತ್ತುತ್ತಾ ಅವಳು ಲೀಡರ್ ಮುಂದೆ ಬಾಯಿಬಿಟ್ಟಳು.

"ಅಪ್ಪನಿಗೆ ಪಾಸಾದೆ ಅಂತ ಹೇಳಿಬಿಟ್ಟಿದ್ದೀನಿ... ಅಪ್ಪ ಟೈಲರ್. ಅಳತೆ ಕೊಡೋಕೆ ಬಂದವರಿಗೆಲ್ಲ 'ನನ್ನ ಮಗಳು ಡಾಕ್ಟರ್ ಆಗ್ತಾಳೆ' ಅಂತಾರೆ. ಯಾರಿಗೂ ಹೇಳಬೇಡಿ, ದಯವಿಟ್ಟು."

"ಖಂಡಿತ ಹೇಳಲ್ಲ."

ಮುಂದಿನ ಶುಕ್ರವಾರ ಎಲ್ಲರೂ ಕಣ್ಣು ಮುಚ್ಚಿ ತಲೆಬಾಗಿದ್ದರು. ಅವನ ದನಿ ಕೇಳಿಸಿತು.

"ಒಂದು ಪ್ರಾರ್ಥನಾ ವಿಷಯ. ಹೆಸರು ಹೇಳಲ್ಲ. ಮೊದಲ ವರ್ಷದ ಪ್ರಾಕ್ಟಿಕಲ್ಲಿನಲ್ಲಿ ಫೇಲ್ ಆಗಿ, ಮನೆಗೆ ಪಾಸಾದೆ ಅಂತ ಸುಳ್ಳು ಹೇಳಿ ಒದ್ದಾಡ್ತಿರೋ ಒಬ್ಬ ಹುಡುಗಿಗೋಸ್ಕರ..."

ಹೆಸರು ಹೇಳಲಿಲ್ಲವಂತೆ! ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ, ಪುಣ್ಯಾತ್ಮ. ಆ ಕೂಟದಲ್ಲಿ ಮೊದಲ ವರ್ಷದ ಹುಡುಗಿಯರು ಇದ್ದಿದ್ದೇ ಇಬ್ಬರು, ಇನ್ನೊಬ್ಬಳು ಕ್ಲಾಸಿಗೇ ಮೊದಲು. ಮುಚ್ಚಿದ್ದ ಕಣ್ಣುಗಳು ಒಂದೊಂದಾಗಿ ತೆರೆದು ಅವಳತ್ತ ತಿರುಗಿದವು.

ಅವಳು ಎದ್ದು ಓಡಿದಳು. ಅವನು ಕಾರಿಡಾರಿನಲ್ಲಿ ಅಡ್ಡ ಬಂದ.

"ನಿಮ್ಮ ಒಳ್ಳೇದಕ್ಕೇ... ಎಲ್ಲರೂ ಪ್ರಾರ್ಥನೆ ಮಾಡ್ಲಿ ಅಂತ..."

"ದೇವರಿಗೆ ನಾನೇ ಹೇಳ್ಕೊಂಡಿದ್ದೆ! ನಂಬಿ ಹೇಳಿದ್ದು ನಿಮಗೆ!"

ಅವನ ಮುಖ ಬಿಳಿಚಿತು. ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಆ ವಾರವೆಲ್ಲ ಅವಳು ಲ್ಯಾಬಿನ ಕಡೆ ತಲೆ ಹಾಕಲಿಲ್ಲ. ಕಾಲೇಜು ಬಿಡುವ ಅರ್ಜಿ ಬರೆದು ಮಡಿಚಿಟ್ಟುಕೊಂಡಳು. 'ಅಪ್ಪನಿಗೆ ಯಾವ ಮುಖ ತೋರಿಸಲಿ? ಓದೇ ಬೇಡ...'

"ಹೋಗೋದಿದ್ರೆ ಹೋಗು," ಎಂದಳು ಅರ್ಜಿ ನೋಡಿದ ಹಾಸ್ಟೆಲ್ ರೂಮ್‌ಮೇಟ್. "ಆದ್ರೆ ನಿನ್ನ ಹತ್ರ ಕೂತು ಜ್ವರ ನೋಡಿಕೊಂಡವರಿಗೆ ಒಂದು ಮಾತು ಹೇಳಿ ಹೋಗೇ, ಮಹಾರಾಯ್ತಿ!"

ಶುಕ್ರವಾರ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಲೀಡರ್ ಎದ್ದು ನಿಂತ.

"ಹೋದ ವಾರ ನಾನು ತಪ್ಪು ಮಾಡಿದೆ. ಇನ್ನೊಬ್ಬರ ಗುಟ್ಟನ್ನ ಪ್ರಾರ್ಥನೆ ಹೆಸರಲ್ಲಿ ಬಯಲು ಮಾಡಿದೆ. ಇವತ್ತು ನನ್ನ ಗುಟ್ಟು ಹೇಳ್ತೀನಿ. ಮೊದಲ ವರ್ಷ ನನಗೆ ಹುಷಾರಿರಲಿಲ್ಲ, ಅದಕ್ಕೇ ಒಂದು ವರ್ಷ ಹೋಯ್ತು ಅಂದಿದ್ನಲ್ಲ... ಅದು ಸುಳ್ಳು. ನಾನು ಫೇಲ್ ಆಗಿದ್ದೆ. ನಿಮ್ಮ ಮುಂದೆ ಮರ್ಯಾದೆ ಹೋಗುತ್ತೆ ಅಂತ ಇಷ್ಟು ವರ್ಷ ಮುಚ್ಚಿಟ್ಟೆ. ಬೇಕಾದ್ರೆ ಬೇರೆಯವರನ್ನ ಲೀಡರ್ ಮಾಡ್ಕೊಳ್ಳಿ."

ಮೂಲೆಯಿಂದ ಒಬ್ಬ ಗೊಣಗಿದ, "ನಂದೂ ಒಂದು ಪೇಪರ್ ಬಾಕಿ ಇದೆ."

"ನಂದು ಎರಡು!" ಎಂದಳು ಇನ್ನೊಬ್ಬಳು.

ಇಡೀ ತರಗತಿ ಗೊಳ್ಳೆಂದಿತು. ಲೀಡರನ್ನು ಬದಲಾಯಿಸುವ ಮಾತು ಯಾರೂ ಎತ್ತಲಿಲ್ಲ. ಒಬ್ಬೊಬ್ಬರೇ ಹೋಗಿ ಅವನನ್ನು ತಬ್ಬಿಕೊಂಡರು. ಅವಳ ಕಣ್ಣಲ್ಲಿ ನೀರು ಧಾರಾಕಾರವಾಗಿ ಹರಿಯಿತು. 'ಇಷ್ಟು ಜನರ ಮುಂದೆ ಇವರ ಕೈಲಿ ಹೇಳೋಕೆ ಆಗೋದಾದ್ರೆ, ಒಬ್ಬ ಅಪ್ಪನಿಗೆ ಹೇಳೋಕೆ ನನಗಾಗಲ್ವಾ?'

ಹೊರಗೆ ಬಂದು ಫೋನ್ ಹಚ್ಚಿದಳು.

"ಅಪ್ಪಾ... ನಾನು ಪಾಸಾಗಿಲ್ಲ. ಸುಳ್ಳು ಹೇಳಿದ್ದೆ."

ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

"ಇಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ಯಾ ಮಗಳೇ?" ಅಪ್ಪನ ದನಿ ಒಡೆದಿತ್ತು. "ಒಂದು ತೋಳು ತಪ್ಪಾಗಿ ಕತ್ತರಿಸಿದ್ರೆ ನಾನು ಅಂಗಡಿ ಮುಚ್ಚಿಬಿಡ್ತೀನಾ? ಇನ್ನೊಂದ್ಸಲ ಬರಿ. ಸುಳ್ಳು ಮಾತ್ರ ಬೇಡಮ್ಮ."

ಅವಳು ಅರ್ಜಿಯನ್ನು ಹರಿದು ಹಾಕಿದಳು. ತುಸು ದೂರದಲ್ಲಿ, ಅವಳ ಮಾತು ಕೇಳಿಸಬಾರದೆಂದು ಬೆನ್ನು ತಿರುಗಿಸಿ, ಲೀಡರ್ ಕಾಯುತ್ತಾ ನಿಂತಿದ್ದ.

"ಕ್ಷಮಿಸ್ತೀರಾ?"

"ಕ್ಷಮಿಸಿ ಆಯ್ತು."

"ಹಾಗಾದ್ರೆ ಇನ್ನೊಂದು ನಿಜಾನೂ ಹೇಳಿಬಿಡ್ತೀನಿ... ನನಗೆ ನೀವಂದ್ರೆ ತುಂಬಾ ಇಷ್ಟ."

ಅವಳು ಕೆನ್ನೆ ಒರೆಸಿಕೊಂಡು ನೆಲ ನೋಡಿದಳು.

"ಅಪ್ಪನಿಗೆ ಒಂದೇ ದಿನ ಎರಡು ಸುದ್ದಿ ಹೇಳೋಕಾಗಲ್ಲ. ಎರಡನೇದನ್ನ ಪಾಸಾದ ದಿನ ಹೇಳ್ತೀನಿ."

"ಎರಡನೇದು ಯಾವುದು?"

"ನನಗೂ ನೀವಂದ್ರೆ ಇಷ್ಟ ಅನ್ನೋದು!"