ಸುರೆಗೆ ಬರೆದ ಅರ್ಥ

"ನಿಮ್ಮ ತಾತ ಕಳ್ಳು ಇಳಿಸ್ತಿದ್ರಂತೆ. ನಿಜವಾ?"

ರತ್ನಾವತಿಯ ಬೆರಳುಗಳು ಟೈಪ್‌ರೈಟರ್ ಮೇಲೆ ನಿಂತುಬಿಟ್ಟವು.

ನುಂಗಂಬಾಕ್ಕಂನ ಆ ಕನ್ನಡ ನಿಘಂಟು ಕಚೇರಿಗೆ ಅವಳು ಸೇರಿ ಮೂರೇ ದಿನ. ಎದುರಿಗೆ ನಿಂತವನು ಸಹಾಯಕ ಸಂಪಾದಕ ಕಮಲಾಕರ, ಮದರಾಸಿನಲ್ಲೇ ಬೇರು ಬಿಟ್ಟ ಮಾಧ್ವರ ಮನೆಯ ಹುಡುಗ. ಅವಳೊಂದಿಗೆ ಅವನು ಆಡಿದ ಮೊದಲ ಮಾತೇ ಇದು...

ಐವತ್ತೆಂಟನೆಯ ಇಸವಿ. ಊರಿಗೆಲ್ಲ ಪಾನನಿಷೇಧ. ಪ್ಯಾರೀಸ್ ಕಾರ್ನರ್‌ನ ಹೋಟೆಲಿನಲ್ಲಿ ದುಡಿಯುವ ಅಪ್ಪ ಕಾಂತಪ್ಪ, ಉಡುಪಿ ಕಡೆಯ ತನ್ನ ಕುಲಕಸುಬಿನ ಬಗ್ಗೆ ಇಲ್ಲಿ ಬಾಯಿಬಿಟ್ಟವನಲ್ಲ. ಅವಳೇ ನಿನ್ನೆ ಕಚೇರಿಯ ಹೊಸ ಗೆಳತಿ ನೀರಜಾಳಿಗೆ ಹೇಳಿದ್ದಳು; ಅಲ್ಲಿಂದ ಇವನ ಕಿವಿಗೆ ಬಿದ್ದಿರಬೇಕು.

"ಹೌದು. ಅದಕ್ಕೆ ಈಗ ಎಂತ? ನಾನು ಟೈಪ್ ಮಾಡಿದ ಕಾಗದ ಮುಟ್ಟಬಾರದಾ?"

"ತಪ್ಪಾ ನೆನೆಸ್ಕೋಬೇಡಿ, ನಾನು ಕೇಳಿದ್ದು..."

ಅವಳು ಎದ್ದು ಹೊರಟೇಹೋದಳು.

ಎರಡು ವಾರ ಮಾತಿಲ್ಲ. ಅವನ ಹೆಜ್ಜೆ ಸದ್ದು ಕೇಳಿದರೆ ತಲೆ ತಗ್ಗಿಸುವಳು. ಆದರೂ ಅವನು ರಜೆ ಹಾಕಿದ ದಿನ ಕಚೇರಿ ಖಾಲಿ ಅನಿಸಿತು. ಯಾಕೆ ಹೀಗೆ? ತನ್ನ ಮೇಲೆಯೇ ಸಿಟ್ಟು ಬಂತು.

ಒಂದು ಮಧ್ಯಾಹ್ನ 'ಸುರೆ' ಪದದ ಕರಡು ಟೈಪಿಗೆ ಬಂತು. ಹಳೆಯ ಅರ್ಥ: 'ಕಳ್ಳು, ಕೀಳು ಜನರ ಪಾನೀಯ.' ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಕಮಲಾಕರ ಬರೆದಿದ್ದ: 'ಮೊಳಕೆ ಬರಿಸಿದ ಧಾನ್ಯಕ್ಕೆ ಕಿಣ್ವ ಬೆರೆಸಿ ಹುಳಿಸಿದ ಪ್ರಾಚೀನ ಪಾನೀಯ. ಹಿಂಡು ಎಂಬರ್ಥದ "ಸು" ಧಾತುವಿನಿಂದ ಬಂದಿರಬಹುದು.' ಅಂಚಿನಲ್ಲಿ ಇನ್ನೊಂದು ಸಾಲು: 'ಕಳ್ಳು ಬೇರೆಯೇ? ಕಸುಬು ಬಲ್ಲವರನ್ನು ಕೇಳಬೇಕು.'

ಅವಳ ಕಣ್ಣು ಮಂಜಾಯಿತು. ಕಾಗದ ಹಿಡಿದು ಅವನ ಮೇಜಿಗೆ ಹೋದಳು.

"ಬೇರೆಯೇ. ಕಳ್ಳಿಗೆ ಏನೂ ಬೆರೆಸುವುದಿಲ್ಲ. ಮಡಕೆಯಲ್ಲಿ ಅದರಷ್ಟಕ್ಕೇ ಹುಳಿಯುತ್ತದೆ. ಅಜ್ಜ ಬೆಳಿಗ್ಗೆ ಇಳಿಸಿದ್ದು ಬೆಲ್ಲದ ನೀರಿನ ಹಾಗೆ ಇರುತ್ತಿತ್ತು."

ಅವನು ಬರೆದುಕೊಂಡ. "ಇದನ್ನೇ ಕೇಳಬೇಕಂತಿದ್ದೆ. ಕೇಳಿದ ರೀತಿ ತಪ್ಪಾಯ್ತು."

"ಹಳೆಯ ಸಾಲು ಹೊಡೆದದ್ದಕ್ಕೆ ದೊಡ್ಡ ಸಂಪಾದಕರು ಬೈಯಲಿಲ್ವಾ?"

"ಬೈದ್ರು. ಆ ಸಾಲು ಇದ್ರೆ ನಿಘಂಟಿಂದ ನನ್ನ ಹೆಸರು ತೆಗೀರಿ ಅಂದೆ. ಆಮೇಲೆ ಒಪ್ಪಿದ್ರು."

ಅಂದಿನಿಂದ ಸಂಜೆ ಬಸ್ ಸ್ಟಾಪಿನವರೆಗೆ ಇಬ್ಬರೂ ಜೊತೆಯಾಗಿ ನಡೆದರು. ವರ್ಷ ಕಳೆಯುವಷ್ಟರಲ್ಲಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ದಿನ ಸಾಗದಾಯಿತು. ಅವನೇ ಹೋಗಿ ಮದುವೆಗೆ ಕಾಂತಪ್ಪನ ಒಪ್ಪಿಗೆ ಕೇಳಿದ. "ನಿಮ್ಮ ಮನೆಯವರು ಒಪ್ಪಲಿ, ಆಮೇಲೆ ನೋಡುವ" ಎಂದ ಕಾಂತಪ್ಪ.

ಮನೆಯಲ್ಲಿ ಹೇಳುತ್ತೇನೆಂದು ಹೋದ ಕಮಲಾಕರ ಮೂರು ದಿನ ಕಚೇರಿಗೆ ಬರಲಿಲ್ಲ. ರತ್ನಾವತಿಗೆ ಊಟ ಸೇರಲಿಲ್ಲ. ನಾಲ್ಕನೆಯ ಸಂಜೆ ಬಸ್ ಸ್ಟಾಪಿನಲ್ಲಿ ಅವನೇ ಕಾಯುತ್ತಿದ್ದ.

"ಅಮ್ಮ ಎಂತ ಹೇಳಿದರು?"

"ಮೂರು ದಿನ ಮಾತೇ ಆಡ್ಲಿಲ್ಲ. ಇವತ್ತು ಕಾಫಿ ಕೊಟ್ಟು, ಆ ಹುಡುಗಿಗೆ ಊಟಕ್ಕೆ ಏನಿಷ್ಟ ಅಂತ ಕೇಳಿದ್ರು."

ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು. "ಬಂಗುಡೆ ಮೀನಿನ ಸಾರು."

ಅವನು ಸುತ್ತಮುತ್ತ ನೋಡಿ ದನಿ ತಗ್ಗಿಸಿದ.

"ಅದನ್ನ ಮಾತ್ರ ಅಮ್ಮಂಗೆ... ಮದುವೆ ಆದ್ಮೇಲೆ ಹೇಳ್ತೀನಿ."