ಬೀಗ ಹಾಕಿದ ಬಿಸಿಲು

ಭಾನುವಾರ ಬೆಳಿಗ್ಗೆ ಮುಂಬಯಿ ಬಳಿಯ ಐರೋಲಿಯ ಒಂದು ಹೌಸಿಂಗ್ ಸೊಸೈಟಿಯ ಟೆರೇಸಿಗೆ ಹೊಸ ಬೀಗ ಬಿದ್ದಿತ್ತು. ಬಾಗಿಲಿಗೊಂದು ನೋಟಿಸು: ತಿನ್ನುವ ಪದಾರ್ಥ ಒಣಹಾಕಬಾರದು, ಕಟ್ಟಡದ ಅಂದ ಕೆಡುತ್ತದೆ. ಕೆಳಗೆ ಸೆಕ್ರೆಟರಿ ಲತೇಶನ ಸಹಿ.

ಚೈತನ್ಯಾಳಿಗೆ ಮೈಯೆಲ್ಲ ಉರಿಯಿತು. ವರ್ಷದಿಂದ ಇದೇ ಟೆರೇಸಿನಲ್ಲಿ, ಹಪ್ಪಳ ಮಗುಚುವ ನೆಪದಲ್ಲಿ ತನ್ನ ಬೆರಳು ಸೋಕುತ್ತಿದ್ದ ಕೈ ಹಾಕಿದ ಸಹಿ ಅದು.

ನೇರ ಹೋಗಿ ಅವನ ಮನೆಯ ಬೆಲ್ ಒತ್ತಿದಳು. ಬಾಗಿಲು ತೆರೆದವನ ಕಣ್ಣು ಅವಳ ಮೂಗುತಿಯ ಮೇಲೆ ನಿಂತು, ನಾಚಿ, ಕೆಳಗಿಳಿಯಿತು.

"ನಿನ್ನೆ ಅವ್ವ ಹಾಕಿದ್ದ ಮೆಣಸಿನಕಾಯಿ ಎಲ್ಲಿ?"

"ಅಪ್ಪ ವಾಚ್‌ಮನ್‌ಗೆ ಬಿಸಾಡ್ಲಿಕ್ಕೆ ಹೇಳಿದ್ರು ಮಾರಾಯ್ತಿ. ನಾನೇ ತೆಗೆದಿಟ್ಟೆ." ಅವನಪ್ಪ ರಘುಪತಿ, ಸೊಸೈಟಿಯ ಚೇರ್ಮನ್. ಲತೇಶ ಹೆಮ್ಮೆಯಿಂದ ಪಾತ್ರೆ ತಂದ. "ರಾತ್ರಿ ಮಜ್ಜಿಗೆಗೂ ಹಾಕಿದೆ. ನಮ್ಮ ಉಡುಪಿಯಲ್ಲಿ ಹಾಗೇ ಅಲ್ವಾ?"

ಮಜ್ಜಿಗೆಯ ಮೇಲೆ ಮೆಂತ್ಯ, ಜೀರಿಗೆಯ ಪುಡಿ ತೇಲುತ್ತಿತ್ತು. ಅವ್ವ ಒಂದೊಂದೇ ಕಾಯಿ ಸೀಳಿ ತುಂಬಿದ್ದ ಮಸಾಲೆ.

"ನಮ್ಮ ಕಡೆ ಮಸಾಲಿ ತುಂಬಿ ಒಣಗಸ್ತೀವಿ, ಮತ್ತ ತೋಯ್ಸಂಗಿಲ್ಲ! ಕೇಳಾಕ ಬಾಯಿ ಇರ್ಲಿಲ್ಲೇನು?"

"ಅಪ್ಪ ಇದ್ರಲ್ವಾ..."

"ಹೋದ ವಾರ ನಿಮ್ಮಪ್ಪ ಮ್ಯಾಲೆ ಟೆಂಟ್ ಹೊಡದು ಪಾರ್ಟಿ ಮಾಡಿದ್ರಲ್ಲ, ಆಗ ಬಿಲ್ಡಿಂಗಿನ ಅಂದ ಎಲ್ಲಿಗೆ ಹೋಗಿತ್ತು? ಬಿಸಿಲೂ ಚೇರ್ಮನ್ ಹೆಸರಿಗೆ ಐತೇನು? ನೀ ಎದುರಿಗೆ ಸಹಿ ಹಾಕ್ತಿ, ಹಿಂದ ಕದ್ದು ಉಳಿಸ್ತಿ. ನನ್ನೂ ಹಿಂಗ ಮುಚ್ಚಿಟ್ಟೀಯಲ್ಲ, ವರ್ಷಾತು! ಇವತ್ತ ಬಿಸಿಲು ಕಾಣದಿದ್ರ ಇವು ಕೊಳೀತಾವ. ನಾನೂ ಇನ್ನ ಈ ಬಾಗಿಲಿಗೆ ಬರಂಗಿಲ್ಲ."

ತಿರುಗಿ ಎರಡು ಮೆಟ್ಟಿಲು ಇಳಿದಿದ್ದಳು. ಹಿಂದೆ ಕೀಲಿಗೊಂಚಲು ಸದ್ದು ಮಾಡಿತು. ಲತೇಶ ಪಾತ್ರೆ ಅವಚಿಕೊಂಡು ಮೇಲೆ ಹತ್ತುತ್ತಿದ್ದ. ಅವಳೂ ಹಿಂದೆ ಹತ್ತಿದಳು.

ಬೀಗ ತೆಗೆದ. ನೋಟಿಸು ಹರಿದ. ಹಾಳೆ ಹಾಸಿ ಮೆಣಸಿನಕಾಯಿ ಹರವುವಷ್ಟರಲ್ಲಿ ರಘುಪತಿ ಏದುಸಿರು ಬಿಡುತ್ತ ಬಂದರು.

"ಬೀಗ ತೆಗೆದದ್ದು ಯಾರು?"

"ನಾನೇ ಅಪ್ಪ. ಮೆಣಸು ಇವಳ ಅಮ್ಮಂದು, ಹಾಳು ಮಾಡಿದ್ದೂ ನಾನೇ." ಅಪ್ಪನ ಎದುರೇ ಚೈತನ್ಯಾಳ ಕೈ ಹಿಡಿದ. "ಇವಳು ಒಪ್ಪಿದ್ರೆ ನಾನು ಮದುವೆಯಾಗೋದೂ ಇವಳನ್ನೇ."

ರಘುಪತಿ ಬಗ್ಗಿ ಹರಿದ ನೋಟಿಸಿನ ಚೂರುಗಳನ್ನು ಎತ್ತಿಕೊಂಡರು.

ಚೈತನ್ಯಾಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.

"ಮೊದಲ ಇವನ್ನ ಒಂದೊಂದ ತಿರುವಿ ಹಾಕು," ಎಂದಳು. "ಆಮ್ಯಾಲೆ ಕೆಳಗ ಬಂದು ಅವ್ವಗ ನೀನ ಹೇಳಬೇಕು. ಮಸಾಲಿ ತೊಳದದ್ದು ಮೊದಲ, ಮದುವಿ ಮಾತು ಆಮ್ಯಾಲೆ."