ಮೂರು ಕತ್ತುಗಳ ಗುಟ್ಟು

"ಮೇಡಂ, ನನ್ನ ಕೆಲಸದಲ್ಲಿ ಏನು ಐಬಿದೆ ನೀವೇ ಹೇಳಿ!" ಎನ್ನುತ್ತ ಒಳಬಂದ ಸಲೂನಿನಾಕೆ ಕೂತವಳೇ ಅತ್ತುಬಿಟ್ಟಳು.

ನನ್ನ ಅತ್ತಿಗೆ, ವ್ಯಾಪಾರಿಗಳ ಒಳಒಪ್ಪಂದಗಳನ್ನು ಪತ್ತೆಹಚ್ಚುವ ಸ್ಪರ್ಧಾ ಆಯೋಗದ ತನಿಖಾ ವಿಭಾಗದಿಂದ ನಿವೃತ್ತರಾದವರು. ಆದರೂ ಜನ ಅವರ ಬಾಗಿಲು ತಟ್ಟುವುದು ನಿಂತಿರಲಿಲ್ಲ. ಮೈದುನನಾದ ನಾನು ಅವರ ಬಾಲಂಗೋಚಿ.

"ಊರಿನ ಆ ತುದೀಲಿ ಕೆಲಸ ನಂದು. ಹೊರಡುವಾಗ ಮಗಳು ಮಲಗಿರ್ತಾಳೆ, ವಾಪಸ್ ಬಂದಾಗಲೂ ಮಲಗಿರ್ತಾಳೆ. ಮನೆ ಹತ್ರಾನೇ ಎರಡು ಸಲೂನಿದೆ, ಎರಡರಲ್ಲೂ ಜನ ಬೇಕು ಅಂತ ಬೋರ್ಡಿದೆ. ಎಲ್ಲಿ ಕೆಲಸ ಮಾಡ್ತಿದೀನಿ ಅಂತ ಹೇಳಿದ ಕೂಡ್ಲೇ ಇಬ್ಬರೂ ಆಗಲ್ಲ ಅಂದ್ರು."

"ನಿಮ್ಮ ಯಜಮಾನರು ಅವರಿಬ್ಬರ ಹತ್ರ ಮಾತಾಡಿರಬಹುದಾ?"

"ಅಯ್ಯೋ, ಮೂವರದ್ದೂ ಎಣ್ಣೆ ಸೀಗೆಕಾಯಿ! ಮುಖ ಕೂಡ ನೋಡಲ್ಲ."

"ನಿಮ್ಮ ಯಜಮಾನರ ಕೈಚಳಕ ಹೇಗೆ?"

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಎಡಚರು. ಗಿರಾಕಿಗಳ ಕತ್ತಿನ ಹಿಂದಿನ ಕೂದಲಂಚು ಯಾವಾಗ್ಲೂ ಬಲಕ್ಕೆ ವಾಲಿಸ್ತಾರೆ, ಸರಿಮಾಡೋದು ನಾನು. ಆದ್ರೆ ತಮ್ಮ ತಲೆ ಮಾತ್ರ ನಮಗೆ ಕೊಡಲ್ಲ. ಕೆಲಸದವರ ಕತ್ತರಿಗೆ ಯಾವ ಯಜಮಾನನೂ ತಲೆ ಬಗ್ಗಿಸಲ್ಲ. ನಮ್ಮ ಕಸುಬಿನ ಗತ್ತು ಅದು."

ಅವಳು ಹೋದಮೇಲೆ ಅತ್ತಿಗೆ ನನ್ನ ತಲೆ ನೋಡಿದರು. "ನೀನು ಹೋಗಿ ಕಟಿಂಗ್ ಮಾಡಿಸ್ಕೊಂಡು ಬಾ. ಮೂರು ಕಡೇನೂ."

"ಅತ್ತಿಗೆ, ಇರೋದೇ ನಾಲ್ಕು ಕೂದಲು!"

"ಹಾಗಾದ್ರೆ ಒಂದು ಉಳಿಯುತ್ತೆ."

ಸಂಜೆ ಬೋಳುತಲೆ ಸವರಿಕೊಳ್ಳುತ್ತ ವರದಿ ಒಪ್ಪಿಸಿದೆ. ಟವೆಲ್ಲಿಗೆಂದು ಅವರು ತಿರುಗಿದಾಗ ಮೂವರು ಯಜಮಾನರ ಕತ್ತಿನ ಹಿಂಭಾಗವನ್ನೂ ನೋಡಿದ್ದೆ. "ಎಡಚನ ಕತ್ತಿನಂಚು ನೆಟ್ಟಗಿದೆ. ಮನೆ ಹತ್ತಿರದ ಇಬ್ಬರದೂ ಸೊಟ್ಟ, ಬಲಕ್ಕೆ. ತಮ್ಮ ತಲೆಯೇ ಸರಿಯಿಲ್ಲ, ಊರಿಗೆಲ್ಲ ಕಟಿಂಗ್!" ಅತ್ತಿಗೆ ಚಪ್ಪಾಳೆ ತಟ್ಟಿದರು. ನನಗೆ ತಲೆಬುಡ ಅರ್ಥವಾಗಲಿಲ್ಲ.

ಸೋಮವಾರ, ಸಲೂನುಗಳ ರಜೆಯ ದಿನ, ಅತ್ತಿಗೆ ಕರೆಸಿದ್ದ ಆ ಮೂವರೂ ಯಜಮಾನರು ನಮ್ಮ ಹಜಾರದಲ್ಲಿ ಮೂರು ದಿಕ್ಕಿಗೆ ಮುಖಮಾಡಿ ಕೂತರು. ಸಲೂನಿನಾಕೆ ಬಾಗಿಲ ಬಳಿ ನಿಂತಿದ್ದಳು. ಅತ್ತಿಗೆ ಎದ್ದು, ಗಿರಾಕಿಗೆ ತೋರಿಸುವಂತೆಯೇ ಒಬ್ಬೊಬ್ಬರ ಹಿಂದೆ ಕನ್ನಡಿ ಹಿಡಿದರು.

"ತನ್ನ ಕತ್ತಿನ ಕೂದಲು ತಾನೇ ಕತ್ತರಿಸ್ಕೊಳ್ಳೋಕೆ ಯಾರಿಂದಲೂ ಆಗಲ್ಲ. ಕೆಲಸದವರಿಗೆ ನೀವು ತಲೆ ಕೊಡಲ್ಲ. ನಿಮ್ಮಿಬ್ಬರ ಅಂಚೂ ಬಲಕ್ಕೆ ವಾಲಿದೆ, ಎಡಚರ ಕೈ ಅದು. ಎಡಚರದ್ದು ನೆಟ್ಟಗಿದೆ, ನಿಮ್ಮಲ್ಲೊಬ್ಬರು ಮಾಡಿದ್ದು. ರಜೆ ದಿನ ಕೂತು ಒಬ್ಬರ ಕೂದಲು ಒಬ್ಬರು ಕತ್ತರಿಸ್ತೀರಿ, ಹೊರಗೆ ಮಾತ್ರ ಹಾವು ಮುಂಗುಸಿ. ಇವಳಿಗೆ ಸಿಗಬೇಕಿದ್ದ ಕೆಲಸಕ್ಕೂ ಅಲ್ಲೇ ಕತ್ತರಿ ಬಿತ್ತು."

"ಸ್ನೇಹ ತಪ್ಪಾ?" ಎಡಚ ಗೊಣಗಿದ.

"ಸ್ನೇಹ ತಪ್ಪಲ್ಲ. ಒಬ್ಬರ ಕೆಲಸಗಾರರನ್ನ ಇನ್ನೊಬ್ಬರು ತಗೋಬಾರದು ಅನ್ನೋ ಒಳಒಪ್ಪಂದ ತಪ್ಪು. ಪೈಪೋಟಿ ಗಿರಾಕಿಗಷ್ಟೇ ಅಲ್ಲ, ಕೆಲಸಗಾರರಿಗೂ ಇರಬೇಕು. ಈಚೆಗೆ ದೊಡ್ಡ ದೊಡ್ಡ ಕಂಪನಿಗಳಿಗೇ ಇದಕ್ಕೆ ದಂಡ ಬಿದ್ದಿದೆ." ಅತ್ತಿಗೆ ಕನ್ನಡಿ ಕೆಳಗಿಟ್ಟರು. "ಆಯೋಗಕ್ಕೆ ಮೊದಲು ಹೋಗಿ ಒಪ್ಕೊಂಡವರಿಗೆ ದಂಡದಲ್ಲಿ ರಿಯಾಯಿತಿ ಉಂಟು. ಮೊದಲು ಹೋದವರಿಗೆ."

ಮೂವರೂ ಒಟ್ಟಿಗೆ ಎದ್ದು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡರು. ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು.

ಓಟದಲ್ಲಿ ಗೆದ್ದ, ಮನೆ ಹತ್ತಿರದ ಮೂಲೆ ಸಲೂನಿನವನೇ ಅವಳನ್ನು ಕೆಲಸಕ್ಕೆ ಕರೆದ. ಮೊದಲ ದಿನದ ಗಿರಾಕಿ ನಾನೇ, ಉಳಿದ ಒಂದು ಕೂದಲಿನ ಸಮೇತ. ಸಂಜೆ ಐದಕ್ಕೆ ಕತ್ತರಿ ಇಟ್ಟು ಹೊರಟವಳ ಹಿಂದೆಯೇ ನಾನೂ ನಡೆದೆ. ಅವಳ ಮನೆಯ ಮೆಟ್ಟಿಲ ಮೇಲೆ ಮಗಳು ಕಣ್ಣರಳಿಸಿಕೊಂಡು ಕೂತಿದ್ದಳು.

"ಅಮ್ಮಾ, ನಾನಿನ್ನೂ ಮಲಗಿಲ್ಲ!" ಎಂದು ಕೂಗುತ್ತ ಓಡಿಬಂದಳು.